ಮನೆ ಕುಸಿದ ಮೇಲೆ ಬಾಡಿಗೆ ಯಾರು ಕೊಡುವರು?

2019ರ ಆಗಸ್ಟ್ ತಿಂಗಳ ಮಳೆಯನ್ನು ಬೆಳಗಾವಿ ನಗರವಾಗಲಿ ಖಾನಾಪುರ ತಾಲ್ಲೂಕಾಗಲಿ ಮರೆತಿಲ್ಲ. ಮಣ್ಣಿನ ಗೋಡೆಯ, ಹಂಚಿನ ಮಾಡಿನ ಹಳೆಯ ಮನೆಗಳು ನೆನೆದು ಕುಸಿದವು. ನಿಂತವುಗಳಲ್ಲಿಯೂ ಹಲವು ವಾಸಕ್ಕೆ ಯೋಗ್ಯವಾಗಿ ಉಳಿಯಲಿಲ್ಲ. ಪೂರ್ಣ ಹಾನಿಯಾದ ಮನೆಗೆ ರಾಜ್ಯ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಹೊಸ ಗೋಡೆ ಏಳುವ ತನಕ ಸಂಸಾರ ಎಲ್ಲಿರಬೇಕು? ಬಂಧುಗಳ ಮನೆಯಲ್ಲಿ ಎಂಟು ದಿನ ಕಳೆಯಬಹುದು. ಎಂಟು ತಿಂಗಳು ಕಳೆಯಲಾದೀತೆ? ಆಗ ಬಿರುಕುಬಿಟ್ಟ ಗೋಡೆಯ ಕೆಳಗೇ ಹಾಸಿಗೆ ಹಾಸುತ್ತೇವೆ. ನೆನೆದ ಗೋಡೆ ಎಂಥ ಅಪಾಯವೆಂಬುದನ್ನು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿ ಕಂಡಿದೆ. 2021ರ ಅಕ್ಟೋಬರ್ 6ರಂದು ಅಲ್ಲಿ ಒಂದೇ ಮನೆಯ ಕುಸಿತದಲ್ಲಿ 7 ಜನ ಮಡಿದರು.

ಭಾನುವಾರದ ಬಲಿಪೂಜೆಯ ನಂತರ ನಾವು ಕೆಲವು ಕುಟುಂಬಗಳನ್ನು ವಿಚಾರಿಸಿದೆವು. ಜೀವವಿಮೆ ಇಲ್ಲದವರು ವಿರಳ. ಮನೆಗೆ ವಿಮೆ ಮಾಡಿಸಿದವರೂ ಅಷ್ಟೇ ವಿರಳ! ಸಾಲ ಪಡೆದು ಕಟ್ಟಿದ ಮನೆಗೆ ಬ್ಯಾಂಕಿನ ಒತ್ತಾಯದಿಂದಲಾದರೂ ವಿಮೆ ಇದ್ದೀತು. ಖಾನಾಪುರದಲ್ಲಿ ಅಜ್ಜ ಕಟ್ಟಿಸಿದ, ವೃದ್ಧ ತಂದೆತಾಯಿಗಳು ವಾಸಿಸುವ ಮನೆಗೆ ಅದೂ ಇಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರವು ರೂಪಿಸಿದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಬೆಂಕಿ, ನೆರೆ, ಬಿರುಗಾಳಿ, ಭೂಕುಸಿತಗಳಿಂದಾದ ಹಾನಿಯನ್ನು ಅದು ತುಂಬಿಕೊಡುತ್ತದೆಂಬುದು ಹಲವರಿಗೆ ಗೊತ್ತು. ಇಂಥ ಹಾನಿಯಿಂದ ಮನೆ ವಾಸಯೋಗ್ಯವಾಗಿ ಉಳಿಯದಿದ್ದರೆ, ದುರಸ್ತಿ ಮುಗಿಯುವವರೆಗೆ ಬದಲಿ ಮನೆಯ ಬಾಡಿಗೆಯನ್ನೂ ಅದರಲ್ಲಿ ಕೇಳಬಹುದೆಂಬುದು ಬಹುಮಂದಿಗೆ ತಿಳಿಯದು. ಗರಿಷ್ಠ ಅವಧಿ 3 ವರ್ಷ. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದವರು ತಮಗೆ ತಪ್ಪಿಹೋದ ಬಾಡಿಗೆಯನ್ನು ಕೇಳಬಹುದು.

ನಿಬಂಧನೆಗಳೂ ಉಂಟು. ಮನೆ ವಾಸಕ್ಕೆ ಯೋಗ್ಯವಲ್ಲವೆಂದು ವಾಸ್ತುಶಿಲ್ಪಿಯಿಂದಲೋ ಸ್ಥಳೀಯ ಸಂಸ್ಥೆಯಿಂದಲೋ ಪ್ರಮಾಣಪತ್ರ ಬೇಕು. ಬದಲಿ ಮನೆ ನಮ್ಮ ಮನೆಗಿಂತ ಮೇಲ್ದರ್ಜೆಯದಾಗಿರಬಾರದು, ಅದೇ ಊರಿನಲ್ಲಿರಬೇಕು. ಹೀಗಾಗಿ ಖಾನಾಪುರದ ಮನೆ ಬಿದ್ದಾಗ ಮಕ್ಕಳ ಕಾಲೇಜಿಗೆ ಹತ್ತಿರವೆಂದು ಬೆಳಗಾವಿಯಲ್ಲಿ ಮನೆ ಹಿಡಿದರೆ ತಕರಾರು ಬಂದೀತು. ಮೊದಲೇ ಕಂಪನಿಯನ್ನು ಕೇಳಿಕೊಳ್ಳಬೇಕು. ಬಾಡಿಗೆಗೆಂದು ಎಷ್ಟು ಮೊತ್ತ ನಮೂದಾಗಿದೆ ಎಂಬುದನ್ನೂ ಪಾಲಿಸಿಯಲ್ಲಿ ನೋಡಿಕೊಳ್ಳುವುದು ಒಳಿತು. ನಮ್ಮಲ್ಲಿ ಪಾಲಿಸಿಯ ಕಾಗದ ಕಪಾಟಿಗೆ ಸೇರಿದರೆ ಮತ್ತೆ ಬೆಳಕು ಕಾಣುವುದು ಅಪರೂಪ.

ಕಾಲಕ್ರಮದ ಸವೆತಕ್ಕೆ ಯಾವ ಕಂಪನಿಯೂ ಹಣ ಕೊಡದು. ಗೆದ್ದಲು ತಿಂದ ತೊಲೆ, ವರ್ಷಗಟ್ಟಲೆ ಸೋರಿದ ಮಾಡು ನಮ್ಮದೇ ಹೊಣೆ. ಆದುದರಿಂದ ಗಟ್ಟಿಯಾಗಿರುವಾಗಲೇ ಮನೆಯ ಒಳಹೊರಗಿನ ಭಾವಚಿತ್ರಗಳನ್ನು ತೆಗೆದಿಡಬೇಕು. ಹಾನಿಯಾದಾಗ ತಡಮಾಡದೆ ಕಂಪನಿಗೆ ತಿಳಿಸಬೇಕು, ಸರ್ವೇಯರ್ ಬಂದು ನೋಡುವ ಮುನ್ನ ಬಿದ್ದ ಗೋಡೆಯ ಮಣ್ಣನ್ನು ಪೂರ್ತಿ ಸಾಗಿಸಬಾರದು. ವಿಮೆ ಮಾಡಿಸುವವರು ಮೃಗಶಿರಾ ಮಳೆಗೆ ಮುನ್ನವೇ ಮಾಡಿಸಲಿ. ಬಿದ್ದ ಮೇಲೆ ಕಟ್ಟಿದ ಕಂತು ಆ ಗೋಡೆಗೆ ಸಲ್ಲದು.