ಶಾಲೆಯ ಒಳಗೋಡೆಗೆ ಸುಣ್ಣ: ಶ್ರಮದಾನಕ್ಕೆ ಮುನ್ನ ಆಗಬೇಕಾದ ಕೆಲಸ



ಬೇಸಿಗೆ ರಜೆಯಲ್ಲಿ ಶಾಲೆಯ ಕೊಠಡಿಗಳಿಗೆ ಶ್ರಮದಾನದಿಂದ ಸುಣ್ಣ ಬಳಿಯುವ ಮಾತು ಅನೇಕ ಗ್ರಾಮಗಳಲ್ಲಿ ನಡೆಯುತ್ತದೆ. ಸಂತೋಷದ ವಿಷಯ. ಆದರೆ ಹಾಗೆ ಬಳಿದ ಸುಣ್ಣ ಶಾಲೆ ತೆರೆದ ತಿಂಗಳೊಳಗೆ ಮಕ್ಕಳ ಅಂಗಿಗೆ ಅಂಟಿ ಮನೆಗೆ ಬರುವುದನ್ನೂ ನೀವು ಕಂಡಿರಬಹುದು. ಇದು ಸುಣ್ಣದ ದೋಷವಲ್ಲ. ಬೆಳಿಗ್ಗೆ ಕಲಸಿ ಮಧ್ಯಾಹ್ನ ಒಣಗೋಡೆಗೆ ಬಳಿದು ಮುಗಿಸುವ ಅವಸರದ ದೋಷ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರೂ ಮುಖ್ಯೋಪಾಧ್ಯಾಯರೂ ಕೂಡಿ ಮೊದಲು ದಿನ ಗೊತ್ತುಮಾಡಲಿ. ಭರಣಿ ಮಳೆ ಬಿದ್ದರೆ ನೇಗಿಲಾಗಲಿ ಟ್ರ್ಯಾಕ್ಟರಾಗಲಿ ಹೊಲಕ್ಕೆ ಹೊರಡುತ್ತದೆ, ಆಗ ಕುಂಚ ಹಿಡಿಯುವವರು ಸಿಗುವುದಿಲ್ಲ. ರಜೆಯ ಮೊದಲ ವಾರವೇ ಲೇಸು. "ಎಲ್ಲರೂ ಬನ್ನಿ" ಎಂದು ಡಂಗುರ ಸಾರಿದರೆ ಸಾಲದು. ಏಣಿ ಯಾರದು, ನೀರು ಹೊರುವವರು ಯಾರು, ಬೆಂಚು ಹೊರಗಿಡುವವರು ಯಾರು ಎಂದು ಹೆಸರು ಹಿಡಿದು ಬರೆದುಕೊಳ್ಳಿ. ಒಂದು ಕೊಠಡಿಗೆ ಆರೆಂಟು ಮಂದಿ ಸಾಕು. ಹೆಚ್ಚಾದವರು ಏಣಿಗೆ ಅಡ್ಡವಾಗುತ್ತಾರೆ.

ಬಳಿಯುವ ಮೊದಲು ಮಾಡು ನೋಡಿ. ಸೋರುವ ಹೆಂಚಿನ ಕೆಳಗೆ ಬಳಿದ ಸುಣ್ಣ ಒಂದು ಮಳೆಗಾಲವೂ ನಿಲ್ಲದು. ಹೆಂಚು ಸರಿಪಡಿಸಿ, ಗೋಡೆಯ ತೇವ ಆರಿದ ಮೇಲೆ, ಸಡಿಲವಾದ ಹಳೆಯ ಪದರಗಳನ್ನೆಲ್ಲ ಕೆರೆದು ತೆಗೆಯಿರಿ. ಬೇಸರದ ಕೆಲಸವೆಂಬುದು ನಿಜ. ಆದರೆ ಹುಡಿಯ ಮೇಲೆ ಬಳಿದದ್ದು ಹುಡಿಯೊಂದಿಗೇ ಉದುರುತ್ತದೆ.

ಬಾಗಿಲು ಕಿಟಕಿಗಳ ಹಳೆಯ ಎಣ್ಣೆಬಣ್ಣದ ವಿಷಯದಲ್ಲಿ ಮಾತ್ರ ಬೇರೆ ಎಚ್ಚರಿಕೆ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರವು 2016ರಲ್ಲಿ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಾಗಿರಬಹುದು. ಅದರ ಧೂಳು ಎಳೆಯ ಮಕ್ಕಳ ಹೊಟ್ಟೆಗೆ ಹೋದರೆ ಬುದ್ಧಿಯ ಬೆಳವಣಿಗೆಗೇ ಕುಂದು. ಒಣಗಿದ ಬಣ್ಣವನ್ನು ಮರಳುಕಾಗದದಿಂದ ಉಜ್ಜಲೇಬೇಡಿ. ನೀರು ಹಚ್ಚಿ ನಿಧಾನವಾಗಿ ಕೆರೆದು, ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ ಬಿಡುವುದೇ ವಿವೇಕ.

ಇನ್ನು ಸುಣ್ಣ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡಿದವರಿಗೆ ಸುಣ್ಣ ಅರಳಿಸಿ ಸೋಸುವುದು ಹೊಸದಲ್ಲ. ಅವರನ್ನೇ ಮುಂದೆ ಮಾಡಿ. ಒಂದು ಕಿಲೋ ಸುಟ್ಟ ಸುಣ್ಣದ ಕಲ್ಲಿಗೆ ಸುಮಾರು 5 ಲೀಟರ್ ನೀರು. ಕಬ್ಬಿಣದ ಪೀಪಾಯಿಯಲ್ಲಿ ಅರಳಿಸಬೇಕು. ಆ ಕಾವಿಗೆ ಪ್ಲಾಸ್ಟಿಕ್ ಬಕೆಟ್ಟು ಕರಗೀತು, ಅಲ್ಯೂಮಿನಿಯಮ್ಮನ್ನು ಸುಣ್ಣವೇ ತಿನ್ನುತ್ತದೆ. ಕುದಿಯುವ ಸುಣ್ಣ ಸಿಡಿಯುವುದರಿಂದ ಮಕ್ಕಳು ಹತ್ತಿರ ಸುಳಿಯಕೂಡದು. ಕಣ್ಣಿಗೆ ಬಿದ್ದರೆ ಉಜ್ಜದೆ, ಕೂಡಲೇ ಶುದ್ಧ ನೀರನ್ನು ಕಾಲು ಗಂಟೆಯಾದರೂ ಎಡೆಬಿಡದೆ ಹೊಯ್ದು ಆಸ್ಪತ್ರೆಗೆ ಕರೆದೊಯ್ಯಬೇಕು. ಇದಕ್ಕೆಂದೇ ಎರಡು ಕೊಡ ನೀರು ಬದಿಗಿರಲಿ.

ಅರಳಿದ ಸುಣ್ಣವನ್ನು ಒಂದು ಹಗಲು ಒಂದು ರಾತ್ರಿ ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನು ಲೀಟರಿಗೆ 4 ಗ್ರಾಮಿನಂತೆ ಬೆರೆಸಿ. ಬಳಿಯುವ ಮುನ್ನ ಗೋಡೆಗೆ ತೆಳುವಾಗಿ ನೀರು ಚಿಮುಕಿಸಿ. ಗಾಳಿಯಲ್ಲಿರುವ ಇಂಗಾಲಾಮ್ಲ ಅನಿಲವನ್ನು ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು. ಒಣಗೋಡೆ ನೀರನ್ನೆಲ್ಲ ಕುಡಿದುಬಿಟ್ಟರೆ ಉಳಿಯುವುದು ಪುಡಿ ಮಾತ್ರ. ಒಂದೇ ದಪ್ಪ ಪದರಕ್ಕಿಂತ ಮೂರು ತೆಳು ಪದರ ಮೇಲು. ಒಂದು ಒಣಗಿದ ಮೇಲೆ ಮತ್ತೊಂದು. ಹಸಿಯಾಗಿರುವಾಗ ಬಿಳುಪು ಕಾಣದೆಂದು ಗಾಬರಿಗೊಂಡು ದಪ್ಪವಾಗಿ ಬಳಿಯಬೇಡಿ, ಒಣಗಿದಂತೆ ಬಿಳುಪೇರುತ್ತದೆ.

ಎಷ್ಟು ಸುಣ್ಣ ಬೇಕೆಂಬುದಕ್ಕೆ ಸುಲಭ ಲೆಕ್ಕವಿದೆ. 20 ಅಡಿ ಚೌಕದ, 10 ಅಡಿ ಎತ್ತರದ ಕೊಠಡಿಯ ಗೋಡೆ 800 ಚದರಡಿ. ಬಾಗಿಲು, ಕಿಟಕಿ, ಕರಿಹಲಗೆಗೆ 100 ಕಳೆದರೆ 700. ಮೂರು ಪದರಕ್ಕೆ 2,100. ಮೊದಲು 100 ಚದರಡಿಗೆ ಒಂದು ಪದರ ಬಳಿದು, ಖರ್ಚಾದುದನ್ನು 21ರಿಂದ ಗುಣಿಸಿ. ಅಂಗಡಿಯವನ ಮಾತು ನಂಬಿ ಮೂಟೆಗಟ್ಟಲೆ ಕೊಳ್ಳಬೇಕಾಗಿಲ್ಲ.

ಅರಳಿದ ಸುಣ್ಣ ಮಿಕ್ಕರೆ ಮುಚ್ಚಳವಿರುವ ಪೀಪಾಯಿಯಲ್ಲಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮಕ್ಕಳ ಕೈಗೆಟುಕದಂತೆ ಬೀಗದ ಕೋಣೆಯಲ್ಲಿಡಿ. ನೀರು ಆರದಂತೆ ಆಗಾಗ ತುಂಬಿಸುತ್ತಿದ್ದರೆ ಅದು ಕೆಡದು, ಅಡಿಗೆಮನೆಯ ಗೋಡೆಗೆ ಆಗುತ್ತದೆ.