ಹಲ್ಲಿಗೆ ತಂತಿ ಕಟ್ಟಿದ ಮನೆಯಲ್ಲಿ

ಮಲ್ಲಂದೂರಿನ ಕಡೆಯ ತೋಟದ ಮನೆಗಳಿಂದ ದಂತವೈದ್ಯರನ್ನು ಕಾಣಲು ಚಿಕ್ಕಮಗಳೂರಿಗೆ ಹೋಗಿಬರುವುದು ಆಷಾಢದ ಮಳೆಯಲ್ಲಿ ಸುಲಭವಾದ ಮಾತಲ್ಲ. ಆದುದರಿಂದ ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಮಕ್ಕಳಿರುವ ಮನೆಯವರು ಕೆಲವು ಸಂಗತಿಗಳನ್ನು ಅರಿತಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ತಂತಿಯು ಹಲ್ಲನ್ನು ಮೆಲ್ಲನೆ ಒತ್ತುತ್ತಿರಲು, ಒತ್ತಿದ ಕಡೆಯ ಎಲುಬು ಕರಗಿ, ಹಿಂಬದಿಯಲ್ಲಿ ಹೊಸ ಎಲುಬು ಬೆಳೆಯುವುದು. ಇದಕ್ಕೆ ಸಾಧಾರಣವಾಗಿ 18ರಿಂದ 24 ತಿಂಗಳು ಹಿಡಿಯುವುದುಂಟು. ಹಲ್ಲಿಗೆ ಅಂಟಿಸಿದ ಲೋಹದ ಬಿಲ್ಲೆಯೊಂದು ಕಳಚಿದರೂ ಅವಧಿಯು ಬೆಳೆಯಬಹುದು. ಚಕ್ಕುಲಿ, ಹುರಿಗಡಲೆ, ಕಬ್ಬು, ಮಳೆಗಾಲದ ಹಲಸಿನ ಹಪ್ಪಳ ಇವನ್ನು ಕೊಡಕೂಡದು. ನಮ್ಮ ಕಡುಬಿಗಾದರೋ ಯಾವ ಅಡ್ಡಿಯೂ ಇಲ್ಲ! ತಂತಿ ಬಿಗಿಸಿದ ಮರುದಿನ ನೋವೆಂದು ಮಗು ಉಣ್ಣದಿದ್ದರೆ ಗಂಜಿ ಸಾಕು, ಗದರಿಸಬೇಡಿರಿ.

ಎಲ್ಲಕ್ಕಿಂತ ಮುಖ್ಯವಾದುದು ಶುಚಿ. ಬಿಲ್ಲೆಯ ಸುತ್ತ ಅನ್ನದ ಅಗುಳು, ಬೆಲ್ಲದ ಕಾಫಿಯ ಸಿಹಿ ನಿಂತರೆ ಹಲ್ಲಿನ ಮೇಲೆ ಬಿಳಿಯ ಮಚ್ಚೆಗಳು ಮೂಡುವುವು. ತಂತಿ ತೆಗೆದ ಮೇಲೂ ಅವು ಹಲವರಲ್ಲಿ ಉಳಿಯುವುವು. ಊಟವಾದೊಡನೆ ಬಾಯಿ ಮುಕ್ಕಳಿಸಿ, ಮೃದುವಾದ ಬ್ರಷ್ಷಿನಿಂದ ತಂತಿಯ ಮೇಲೂ ಕೆಳಗೂ ಉಜ್ಜಿಸಬೇಕು. ಇದ್ದಿಲ ಪುಡಿ ಇಲ್ಲಿ ಸಲ್ಲದು. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ, ವೈದ್ಯರು ಕೊಟ್ಟ ಮೇಣವನ್ನು ಸಣ್ಣ ಉಂಡೆಮಾಡಿ ಅದರ ಮೇಲೆ ಒತ್ತಿ, ಅವರಿಗೆ ದೂರವಾಣಿಯಲ್ಲಿ ತಿಳಿಸತಕ್ಕದ್ದು.

ತಂತಿ ತೆಗೆದ ದಿನವೇ ಕಾರ್ಯ ಮುಗಿಯಿತೆಂದಲ್ಲ. ಬಳಿಕ ಕೊಡುವ ರಿಟೈನರನ್ನು ವೈದ್ಯರು ಹೇಳಿದಷ್ಟು ಕಾಲ ಧರಿಸದಿದ್ದರೆ ಹಲ್ಲುಗಳು ಹಳೆಯ ಸ್ಥಾನದ ಕಡೆಗೆ ಮತ್ತೆ ಸರಿಯುವುವು.