ಎಳೆಯ ಒಡಲಿನ ಗಂಟು: ಸೂಜಿಯ ಭಯ ಬೇಡ, ವಿಳಂಬವೂ ಬೇಡ

ಹಸುಗೂಸಿಗೆ ಎಣ್ಣೆ ಹಚ್ಚಿ ಎರೆಯುವುದು ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಅಜ್ಜಿಯರ ಪಾಲಿನ ಕೆಲಸ. ಮಗುವಿನ ಮೈಯ ಒಂದೊಂದು ಮಡಿಕೆಯೂ ಆ ಕೈಗಳಿಗೆ ಪರಿಚಿತವಾಗಿರುತ್ತದೆ. ಆದ್ದರಿಂದಲೇ ಹೊಟ್ಟೆಯೊಳಗೆ ಬೆಳೆಯುತ್ತಿರುವ ಗಂಟೊಂದು ಎಷ್ಟೋ ಸಲ ವೈದ್ಯರಿಗಿಂತ ಮೊದಲು ಮನೆಯವರ ಕೈಗೇ ತಾಗುತ್ತದೆ. ನಮಗೆ ಪರಿಚಿತವಾದ ಕುಟುಂಬವೊಂದರಲ್ಲಿ ನಡೆದದ್ದೂ ಹೀಗೆಯೇ. ಒಂದೂವರೆ ವರ್ಷದ ಕೂಸಿನ ಹೊಟ್ಟೆಯ ಎಡಭಾಗದಲ್ಲಿ ಗಟ್ಟಿಯಾದದ್ದೇನೋ ಇದೆಯೆಂದು ಮೊದಲು ಗುರುತಿಸಿದವರು ಅಜ್ಜಿ. ಆಸ್ಪತ್ರೆಗೆ ಒಯ್ದಾಗ ವೈದ್ಯರು ಸ್ಕ್ಯಾನ್ ಮಾಡಿಸಿ, ಸೂಜಿಯಿಂದ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸಬೇಕೆಂದರು. ಆಗ ಅಡ್ಡ ಬಂದವರೂ ಅದೇ ಅಜ್ಜಿ. "ಗಂಟಿಗೆ ಸೂಜಿ ತಾಗಿಸಿದ್ರ ಮೈತುಂಬ ಹರಡತೈತಂತ. ಬ್ಯಾಡವ್ವಾ, ಮನಿಗೆ ಹೋಗೋಣು" ಎಂದು ಸೊಸೆಯ ಕೈಹಿಡಿದು ಕರೆದೊಯ್ದರು. ಮನೆಯಲ್ಲಿ ಮೂರು ವಾರಗಳು ಉರುಳಿದವು. ಅಷ್ಟರಲ್ಲಿ ಮಗು ಕಾಲೂರಿ ನಿಲ್ಲುವುದನ್ನೇ ಬಿಟ್ಟಿತ್ತು.

ಅಜ್ಜಿಯ ಮಾತಿನಲ್ಲಿ ಇದ್ದದ್ದು ಪ್ರೀತಿಯೇ ಹೊರತು ಬೇರೇನೂ ಅಲ್ಲ. ಆದರೆ ಪ್ರೀತಿಗೆ ತಿಳಿವಳಿಕೆಯ ಬೆಂಬಲ ದೊರೆಯದಿದ್ದರೆ ಕೂಸಿಗೆ ಎಂಥ ಹಾನಿಯಾಗಬಹುದು ಎಂಬುದನ್ನು ಮನಗಂಡು, ಈ ರೋಗದ ಸ್ವರೂಪವನ್ನೂ ಅದರ ಚಿಕಿತ್ಸೆಯಲ್ಲಿ ಸೂಜಿ ಮತ್ತು ಸಣ್ಣ ನಳಿಕೆಗಳು ವಹಿಸುವ ಪಾತ್ರವನ್ನೂ ಓದುಗ ಬಂಧುಗಳ ಮುಂದಿಡಲು ಇಲ್ಲಿ ಯತ್ನಿಸಿದ್ದೇವೆ.

ರೋಗದ ಸ್ವರೂಪ

ಈ ರೋಗದ ಹೆಸರು ನ್ಯೂರೋಬ್ಲಾಸ್ಟೋಮಾ. ಅಮೆರಿಕದ ರೋಗಶಾಸ್ತ್ರಜ್ಞ ಜೇಮ್ಸ್ ಹೋಮರ್ ರೈಟ್ 1910ರಲ್ಲಿ ಇದಕ್ಕೆ ಈ ಹೆಸರನ್ನಿತ್ತರು. ಮಗು ತಾಯಿಯ ಗರ್ಭದಲ್ಲಿರುವಾಗ ನರಮಂಡಲದ ಒಂದು ಭಾಗವಾಗಿ ಬಲಿಯಬೇಕಾದ ಎಳೆಯ ಜೀವಕೋಶಗಳು ಬಲಿಯದೆ ಹಾಗೆಯೇ ಉಳಿದು, ಅಂಕೆಯಿಲ್ಲದೆ ವೃದ್ಧಿಯಾಗುವುದರಿಂದ ಈ ಅರ್ಬುದ ಉಂಟಾಗುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಬೆನ್ನೆಲುಬಿನ ಪಕ್ಕದಲ್ಲಿ ಕುತ್ತಿಗೆಯಿಂದ ಕಿಬ್ಬೊಟ್ಟೆಯವರೆಗೆ ಎಲ್ಲಿ ಬೇಕಾದರೂ ಹುಟ್ಟಬಹುದು. ಮಿದುಳಿನ ಗಡ್ಡೆಗಳನ್ನು ಬಿಟ್ಟರೆ ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಗಡ್ಡೆಯ ರೂಪದ ಅರ್ಬುದ ಇದೇ. ರೋಗಕ್ಕೆ ತುತ್ತಾಗುವವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು.

ಹೊಟ್ಟೆಯ ಗಂಟಲ್ಲದೆ ಬೇರೆ ಸೂಚನೆಗಳೂ ಉಂಟು. ಬಿಡದೆ ಕಾಡುವ ಜ್ವರ, ಮೈ ಬಿಳಿಚಿಕೊಳ್ಳುವುದು, ಎಲುಬುಗಳಲ್ಲಿ ನೋವು, ನಡೆಯುತ್ತಿದ್ದ ಮಗು ಕುಂಟತೊಡಗುವುದು, ಪೆಟ್ಟು ಬೀಳದಿದ್ದರೂ ಕಣ್ಣಿನ ಸುತ್ತ ಕಪ್ಪುಗಟ್ಟುವುದು, ಇವೆಲ್ಲವೂ ರೋಗ ಎಲುಬು ಹಾಗೂ ಅಸ್ಥಿಮಜ್ಜೆಗೆ ಹಬ್ಬಿರುವುದರ ಕುರುಹಾಗಿರಬಹುದು. ಗಡ್ಡೆ ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಶಕ್ತಿ ಕುಂದುತ್ತದೆ. ಇದು ಒಂದು ದಿನವೂ ಕಾಯಬಾರದ ತುರ್ತುಸ್ಥಿತಿ. ಇಂಥ ಮಗುವಿನ ಹೊಟ್ಟೆಗೆ ಬರೆ ಹಾಕಿಸುವುದಾಗಲಿ, ಗಂಟು ಕರಗಲೆಂದು ತಿಕ್ಕಿಸುವುದಾಗಲಿ ಸರ್ವಥಾ ಸಲ್ಲದು. ಗಡ್ಡೆಯೊಳಗೆ ರಕ್ತಸ್ರಾವವಾಗುವ ಅಪಾಯವಿರುತ್ತದೆ.

ಒಂದೇ ಹೆಸರು, ಹಲವು ಸ್ವಭಾವ

ಈ ರೋಗದ ಒಂದು ವೈಚಿತ್ರ್ಯವನ್ನು ತಂದೆ-ತಾಯಂದಿರು ಅವಶ್ಯವಾಗಿ ಅರಿತಿರಬೇಕು. ಹೆಸರು ಒಂದೇ ಆದರೂ ಇದರ ಸ್ವಭಾವ ಮಗುವಿನಿಂದ ಮಗುವಿಗೆ ಬೇರೆ. ಕೆಲವು ಹಸುಗೂಸುಗಳಲ್ಲಿ ರೋಗವು ಯಕೃತ್ತಿಗೂ ಚರ್ಮಕ್ಕೂ ಹಬ್ಬಿದ್ದರೂ ತಾನಾಗಿಯೇ ಇಳಿದುಹೋಗುವುದುಂಟು. ಆರು ತಿಂಗಳೊಳಗಿನ ಶಿಶುಗಳ ಅಡ್ರಿನಲ್ ಗ್ರಂಥಿಯಲ್ಲಿ ಕಂಡ ಸಣ್ಣ ಗಡ್ಡೆಗಳನ್ನು ಕೊಯ್ಯದೆ, ಪದೇಪದೇ ಪರೀಕ್ಷಿಸುತ್ತ ಕಾದು ನೋಡಿದ ಅಧ್ಯಯನವೊಂದು ಅಮೆರಿಕದಲ್ಲಿ ನಡೆಯಿತು. ಹಾಗೆ ಕಾದು ನೋಡಿದ ಐವರಲ್ಲಿ ಸುಮಾರು ನಾಲ್ವರು ಮಕ್ಕಳಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಲಿಲ್ಲ ಎಂಬುದು 2012ರಲ್ಲಿ ಪ್ರಕಟವಾದ ಅದರ ಫಲಿತಾಂಶ. ಇದಕ್ಕೆ ತದ್ವಿರುದ್ಧವಾಗಿ, ಒಂದೂವರೆ ವರ್ಷ ದಾಟಿದ ಮಗುವಿನಲ್ಲಿ ರೋಗ ಹಬ್ಬಿದ್ದರೆ ಅದು ಬಹು ಕ್ರೂರವಾಗಿ ವರ್ತಿಸಬಹುದು. ಕಡಿಮೆ ಅಪಾಯದ ಗುಂಪಿನ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಬದುಕುಳಿಯುತ್ತಾರೆ. ಹೆಚ್ಚು ಅಪಾಯದ ಗುಂಪಿನಲ್ಲಿ, ಮುಂದುವರಿದ ದೇಶಗಳಲ್ಲಿ ಕೂಡ, ದೀರ್ಘಕಾಲ ಬದುಕುಳಿಯುವವರು ಸುಮಾರು ಅರ್ಧದಷ್ಟು ಮಾತ್ರ.

ಹಾಗಾದರೆ ನಮ್ಮ ಮಗು ಯಾವ ಗುಂಪಿಗೆ ಸೇರಿದ್ದು? ವಯಸ್ಸು ಮತ್ತು ಸ್ಕ್ಯಾನ್ ಒಂದಿಷ್ಟು ಹೇಳುತ್ತವೆ. ಗಡ್ಡೆ ಸ್ರವಿಸುವ ರಾಸಾಯನಿಕಗಳನ್ನು ಮೂತ್ರದ ಪರೀಕ್ಷೆ ತೋರಿಸಿಕೊಡುತ್ತದೆ. ಆದರೆ ಜೀವಕೋಶಗಳು ಎಷ್ಟು ಬಲಿತಿವೆ, ಎಂವೈಸಿಎನ್ ಎಂಬ ವಂಶವಾಹಿಯ ಪ್ರತಿಗಳು ಅವುಗಳಲ್ಲಿ ಮಿತಿಮೀರಿ ಹೆಚ್ಚಿವೆಯೇ ಎಂಬ ನಿರ್ಣಾಯಕ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಗಡ್ಡೆಯ ತುಣುಕಿನಿಂದಲೇ. ಸುಮಾರು ಐದರಲ್ಲೊಂದು ಗಡ್ಡೆಯಲ್ಲಿ ಈ ವಂಶವಾಹಿಯ ಹೆಚ್ಚಳ ಕಂಡುಬರುತ್ತದೆ. ಅಂಥ ಮಗುವಿಗೆ ಅತ್ಯಂತ ತೀವ್ರವಾದ ಚಿಕಿತ್ಸೆ ಬೇಕಾಗುತ್ತದೆ. ತುಣುಕನ್ನು ಪರೀಕ್ಷಿಸದೆ ಚಿಕಿತ್ಸೆಗೆ ತೊಡಗಿದರೆ, ಸ್ವಲ್ಪ ಔಷಧಿ ಸಾಕಾಗುವ ಕೂಸಿಗೆ ಬೇಡದ ವಿಷವನ್ನು ಉಣಿಸಿದಂತಾದೀತು. ಇಲ್ಲವೇ ತೀವ್ರ ಚಿಕಿತ್ಸೆ ಬೇಕಿದ್ದ ಕೂಸಿಗೆ ಅದು ದೊರೆಯದೇ ಹೋದೀತು.

ನೋಡುತ್ತ ಚುಚ್ಚುವ ವಿದ್ಯೆ

ಹಿಂದೆ ಈ ತುಣುಕಿಗಾಗಿ ಹೊಟ್ಟೆಯನ್ನೋ ಎದೆಯನ್ನೋ ತೆರೆಯಬೇಕಾಗುತ್ತಿತ್ತು. ಇಂದು ಅನೇಕ ಮಕ್ಕಳಲ್ಲಿ ಅದರ ಅಗತ್ಯವಿಲ್ಲ. ಕ್ಷ-ಕಿರಣ, ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್‌ಗಳ ಚಿತ್ರವನ್ನು ನೋಡುತ್ತಲೇ ಸೂಜಿ, ತಂತಿ, ನಳಿಕೆಗಳನ್ನು ದೇಹದೊಳಗೆ ನಡೆಸಿ ಚಿಕಿತ್ಸೆ ಮಾಡುವ ವೈದ್ಯವಿಭಾಗಕ್ಕೆ ಇಂಟರ್‌ವೆನ್ಷನಲ್ ರೇಡಿಯಾಲಜಿ ಎಂದು ಹೆಸರು. 1953ರಲ್ಲಿ ಸ್ವೀಡನ್ನಿನ ಸ್ವೆನ್-ಇವಾರ್ ಸೆಲ್ಡಿಂಗರ್ ಎಂಬ ವೈದ್ಯರು ಸೂಜಿಯ ಮೂಲಕ ತಂತಿಯನ್ನು ತೂರಿಸಿ, ಸೂಜಿಯನ್ನು ಹೊರತೆಗೆದು, ಆ ತಂತಿಯ ಮೇಲೆಯೇ ನಳಿಕೆಯನ್ನು ರಕ್ತನಾಳದೊಳಗೆ ಜಾರಿಸುವ ಸರಳ ಉಪಾಯವನ್ನು ಪ್ರಕಟಿಸಿದರು. ಕೊಯ್ಯದೆ ಒಳಹೊಗುವ ದಾರಿ ಅಲ್ಲಿಂದ ತೆರೆಯಿತು. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಅವರು ವೃದ್ಧೆಯೊಬ್ಬರ ಕಾಲಿನ ಕಿರಿದಾದ ರಕ್ತನಾಳವನ್ನು ನಳಿಕೆಯಿಂದಲೇ ಹಿಗ್ಗಿಸಿ, ರೋಗವನ್ನು ತೋರಿಸುತ್ತಿದ್ದ ಈ ವಿದ್ಯೆ ರೋಗವನ್ನು ವಾಸಿಮಾಡಲೂ ಬಲ್ಲದೆಂದು ಸಾಧಿಸಿದರು.

ಗಡ್ಡೆಯ ತುಣುಕು ತೆಗೆಯುವಾಗ ಮಗುವಿಗೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ವೈದ್ಯರು ಅಲ್ಟ್ರಾಸೌಂಡ್ ಪರದೆಯ ಮೇಲೆ ದೊಡ್ಡ ರಕ್ತನಾಳಗಳು ಎಲ್ಲಿವೆ, ಕರುಳು ಎಲ್ಲಿದೆ, ಗಡ್ಡೆಯ ಜೀವಂತ ಭಾಗ ಯಾವುದು, ಸತ್ತು ಕೊಳೆತ ಭಾಗ ಯಾವುದು ಎಂಬುದನ್ನು ಗುರುತಿಸಿಕೊಳ್ಳುತ್ತಾರೆ. ಮೊದಲು ತೆಳುವಾದ ಹೊರನಳಿಕೆಯನ್ನು ಗಡ್ಡೆಯವರೆಗೆ ಸೇರಿಸಿ, ಅದರೊಳಗಿನಿಂದ ಬಯಾಪ್ಸಿ ಸೂಜಿಯನ್ನು ಹಲವು ಬಾರಿ ನಡೆಸಿ, ನೂಲಿನೆಳೆಯಂಥ ತುಣುಕುಗಳನ್ನು ತೆಗೆಯುತ್ತಾರೆ. ಚರ್ಮಕ್ಕೆ ಬೀಳುವುದು ಒಂದೇ ರಂಧ್ರ. ಹೊರಬರುವಾಗ ಆ ದಾರಿಯನ್ನು ರಕ್ತ ನಿಲ್ಲಿಸುವ ವಸ್ತುವಿನಿಂದ ಮುಚ್ಚುವುದೂ ಉಂಟು. ಸಾಕಷ್ಟು ತುಣುಕುಗಳನ್ನು ಪಡೆದರೆ ತೆರೆದ ಶಸ್ತ್ರಚಿಕಿತ್ಸೆಯಿಂದ ದೊರೆಯುವ ಮಾಹಿತಿಯೇ ಬಹುಮಟ್ಟಿಗೆ ಇದರಿಂದಲೂ ದೊರೆಯುತ್ತದೆ. ಗಾಯ ಚಿಕ್ಕದಾದ್ದರಿಂದ ಅದು ಮಾಯಲೆಂದು ಕಾಯದೆ ಕೀಮೋಥೆರಪಿಯನ್ನು ಬೇಗ ಆರಂಭಿಸಬಹುದು.

ಇನ್ನು ಅಜ್ಜಿಯ ಪ್ರಶ್ನೆಗೆ ಬರೋಣ. ಸೂಜಿ ತಾಗಿದರೆ ರೋಗ ಹರಡುವುದೇ? ಈ ರೋಗದಲ್ಲಿ ಸೂಜಿಯ ದಾರಿಯಲ್ಲಿ ಗಡ್ಡೆ ಬೆಳೆಯುವುದು ಅತಿ ವಿರಳ. ರೋಗ ಹರಡುವುದು ತನ್ನ ಸ್ವಭಾವದಿಂದ, ಸೂಜಿಯಿಂದಲ್ಲ. ಬಯಾಪ್ಸಿಯಾದ ಮೇಲೆ ರೋಗ ಹಬ್ಬಿರುವುದು ತಿಳಿದುಬಂದರೆ, ಸೂಜಿಯೇ ಹಬ್ಬಿಸಿತೆಂದು ಮನೆಯವರು ಭಾವಿಸುವುದು ಸಹಜ. ವಾಸ್ತವದಲ್ಲಿ ಮೊದಲೇ ಹಬ್ಬಿದ್ದದ್ದು ಆಗ ಬೆಳಕಿಗೆ ಬಂದಿರುತ್ತದೆ, ಅಷ್ಟೆ. ಹಾಗೆಂದು ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ರಕ್ತಸ್ರಾವ, ಸೋಂಕು, ಅರಿವಳಿಕೆಯ ತೊಂದರೆ ಸಂಭವಿಸಬಹುದು. ಆದ್ದರಿಂದಲೇ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಮೊದಲು ಮಾಡಿ, ಬಳಿಕ ಮಗುವನ್ನು ಕೆಲವು ಗಂಟೆಗಳ ಕಾಲ ನಿಗಾದಲ್ಲಿ ಇರಿಸುತ್ತಾರೆ. ಮಕ್ಕಳ ಹೊಟ್ಟೆಯ ಎಲ್ಲ ಗಂಟುಗಳಿಗೂ ಒಂದೇ ನಿಯಮವಿಲ್ಲ ಎಂಬುದೂ ನೆನಪಿರಲಿ. ಮೂತ್ರಪಿಂಡದಲ್ಲಿಯೇ ಹುಟ್ಟುವ ವಿಲ್ಮ್ಸ್ ಗಡ್ಡೆಯಲ್ಲಿ ಅನೇಕ ವೇಳೆ ಬಯಾಪ್ಸಿ ಮಾಡುವುದಿಲ್ಲ. ರೋಗ ಅಸ್ಥಿಮಜ್ಜೆಗೆ ಹಬ್ಬಿದ್ದರೆ ಮಜ್ಜೆಯ ಪರೀಕ್ಷೆ ಹಾಗೂ ಮೂತ್ರದ ಪರೀಕ್ಷೆಗಳಿಂದಲೇ ರೋಗನಿದಾನ ಸಾಧ್ಯವಾಗುವುದೂ ಉಂಟು. ಯಾರಿಗೆ ಯಾವುದು ಎಂಬುದನ್ನು ಮಕ್ಕಳ ಅರ್ಬುದ ತಜ್ಞರು, ಶಸ್ತ್ರಚಿಕಿತ್ಸಕರು ಮತ್ತು ರೇಡಿಯಾಲಜಿ ವೈದ್ಯರು ಕೂಡಿ ನಿರ್ಣಯಿಸಬೇಕು.

ನೂರು ಚುಚ್ಚಿನ ಬದಲು ಒಂದು ನಳಿಕೆ

ಸೂಜಿಯ ಕೆಲಸ ಇಲ್ಲಿಗೇ ಮುಗಿಯುವುದಿಲ್ಲ. ಹೆಚ್ಚು ಅಪಾಯದ ಗುಂಪಿನ ಮಗುವಿಗೆ ಕೀಮೋಥೆರಪಿ, ಶಸ್ತ್ರಚಿಕಿತ್ಸೆ, ಆಕರಕೋಶಗಳ ಕಸಿ, ವಿಕಿರಣ ಚಿಕಿತ್ಸೆ, ಅನಂತರದ ಇತರ ಔಷಧಿಗಳು ಎಂದು ಚಿಕಿತ್ಸೆ ಒಂದು ವರ್ಷವನ್ನೂ ಮೀರಿ ನಡೆಯುತ್ತದೆ. ಪ್ರತಿ ಬಾರಿಯೂ ಎಳೆಯ ಕೈಯಲ್ಲಿ ರಕ್ತನಾಳ ಹುಡುಕುವುದೆಂದರೆ ಮಗುವಿಗೂ ತಾಯಿಗೂ ಯಾತನೆ. ಕೆಲವು ಔಷಧಿಗಳು ಸಣ್ಣ ನಾಳದಿಂದ ಹೊರಚೆಲ್ಲಿದರೆ ಅಲ್ಲಿನ ಮಾಂಸವೇ ಸುಟ್ಟುಹೋಗುತ್ತದೆ. ಇದನ್ನು ತಪ್ಪಿಸಲು ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಚುಚ್ಚಿ, ಮೃದುವಾದ ನಳಿಕೆಯನ್ನು ಹೃದಯದ ಸಮೀಪದವರೆಗೆ ಸೇರಿಸಿ, ಅದರ ಹೊರತುದಿಯನ್ನು ಎದೆಯ ಚರ್ಮದಡಿ ಹಾಯಿಸಿ ಭದ್ರಪಡಿಸುತ್ತಾರೆ. ಇಂಥ ನಳಿಕೆಗಳಲ್ಲೊಂದಾದ ಹಿಕ್‌ಮನ್ ನಳಿಕೆಗೆ, ಅದನ್ನು 1979ರಲ್ಲಿ ಪ್ರಕಟಿಸಿದ ಸಿಯಾಟಲ್‌ನ ಮಕ್ಕಳ ವೈದ್ಯ ರಾಬರ್ಟ್ ಹಿಕ್‌ಮನ್ ಅವರ ಹೆಸರೇ ಉಳಿದಿದೆ. ಔಷಧಿ, ರಕ್ತ, ಪರೀಕ್ಷೆಗೆ ರಕ್ತ ತೆಗೆಯುವುದು, ಎಲ್ಲವೂ ಇಂಥ ನಳಿಕೆಯಿಂದಲೇ ನಡೆಯುತ್ತದೆ.

ಈ ನಳಿಕೆಯನ್ನು ಕಾಪಾಡುವ ಹೊಣೆ ಮಾತ್ರ ಮನೆಯವರದು. ಸೋಪಿನಿಂದ ಕೈ ತೊಳೆಯದೆ ಅದನ್ನು ಮುಟ್ಟಬಾರದು. ನೀರು ತಾಗಿಸಬಾರದು. ಮಗುವಿಗೆ ಜ್ವರ ಅಥವಾ ಚಳಿನಡುಕ ಬಂದರೆ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ನಳಿಕೆಯ ಸೋಂಕು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು.

ಸಂಕಟಕಾಲದಲ್ಲಿಯೂ ಈ ವಿದ್ಯೆ ನೆರವಿಗೆ ಬರುತ್ತದೆ. ಗಡ್ಡೆ ಮೂತ್ರನಾಳವನ್ನು ಒತ್ತಿ ಮೂತ್ರ ಕಟ್ಟಿಕೊಂಡರೆ, ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ಸಣ್ಣ ನಳಿಕೆಯಿಟ್ಟು ಮೂತ್ರವನ್ನು ಹೊರಹರಿಸಬಹುದು. ಸಿಸ್‌ಪ್ಲಾಟಿನ್‌ನಂಥ ಔಷಧಿಗಳು ಮೂತ್ರಪಿಂಡಕ್ಕೆ ಕಠಿಣವಾದ್ದರಿಂದ ಅದನ್ನು ಮೊದಲೇ ಕಾಪಾಡಿಕೊಳ್ಳುವುದು ಮುಖ್ಯ. ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಿದರೆ ಅದನ್ನು ತೆಗೆಯಬಹುದು. ಗಡ್ಡೆ ಒಡೆದು ರಕ್ತ ಸುರಿಯುತ್ತಿದ್ದರೆ, ಅದಕ್ಕೆ ರಕ್ತ ಒಯ್ಯುವ ನಾಳವನ್ನು ಒಳಗಿನಿಂದಲೇ ಮುಚ್ಚಬಹುದು. ಇವೆಲ್ಲ ಎಲ್ಲ ಮಕ್ಕಳಿಗೂ ಬೇಕಾಗುವಂಥವಲ್ಲ. ಸೂಜಿಯೊಂದೇ ರೋಗವನ್ನು ವಾಸಿಮಾಡುತ್ತದೆಂದೂ ಯಾರೂ ಭ್ರಮಿಸಬಾರದು. ರೋಗವನ್ನು ಮಣಿಸುವುದು ಔಷಧಿ, ಶಸ್ತ್ರಚಿಕಿತ್ಸೆ ಮೊದಲಾದವು. ಅವು ಮಗುವನ್ನು ಸುರಕ್ಷಿತವಾಗಿ ತಲುಪಲು ದಾರಿ ಮಾಡಿಕೊಡುವುದು ಸೂಜಿಯ ಕಾರ್ಯ.

ನಾವು ಮಾಡಬೇಕಾದದ್ದು

ಮಗುವಿನ ಹೊಟ್ಟೆಯಲ್ಲಿ ಗಂಟು ಕಂಡರೆ ಮೊದಲು ಮಕ್ಕಳ ವೈದ್ಯರಲ್ಲಿಗೆ, ಅವರ ಸಲಹೆಯಂತೆ ಮಕ್ಕಳ ಅರ್ಬುದ ವಿಭಾಗವಿರುವ ಆಸ್ಪತ್ರೆಗೆ ತಡಮಾಡದೆ ಹೋಗಬೇಕು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಇಂಥ ವಿಭಾಗವಿದೆ. ವೆಚ್ಚದ ಚಿಂತೆಯಿದ್ದರೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ವಿಚಾರವನ್ನು ಆಸ್ಪತ್ರೆಯಲ್ಲಿಯೇ ಕೇಳಿ ತಿಳಿಯಬಹುದು. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ತುಣುಕು ಏಕೆ ಬೇಕು, ಎಲ್ಲಿಂದ ತೆಗೆಯುತ್ತೀರಿ, ವಂಶವಾಹಿ ಪರೀಕ್ಷೆಗೂ ಅದು ಸಾಕಾಗುವುದೇ, ಅದೇ ಅರಿವಳಿಕೆಯಲ್ಲಿ ನಳಿಕೆಯನ್ನೂ ಇಡಬಹುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೇಳುವುದು ಅವಿಶ್ವಾಸವಲ್ಲ. ಬಂಧುಗಳೂ ನೆರೆಹೊರೆಯವರೂ ಮಾಡಬಹುದಾದ ದೊಡ್ಡ ಉಪಕಾರವೊಂದಿದೆ: ಕಂಡು ಕೇಳಿದ ಭಯವನ್ನು ಆ ಮನೆಗೆ ಹೊತ್ತೊಯ್ಯದೆ, ರಕ್ತದಾನಕ್ಕೆ ಸಿದ್ಧರಾಗಿ ಹೋಗುವುದು.

ಆರಂಭದಲ್ಲಿ ಹೇಳಿದ ಕೂಸನ್ನು ಮೂರು ವಾರಗಳ ಬಳಿಕ ಮರಳಿ ಆಸ್ಪತ್ರೆಗೆ ಒಯ್ದರು. ಅಂದೇ ಸೂಜಿಯಿಂದ ತುಣುಕು ತೆಗೆದರು, ಚಿಕಿತ್ಸೆ ಆರಂಭವಾಯಿತು. ಇಂದು ಆ ಮಗು ಗೋಡೆ ಹಿಡಿದು ನಡೆಯುತ್ತಿದೆ. ಚಿಕಿತ್ಸೆ ಇನ್ನೂ ಮುಗಿದಿಲ್ಲ. ಎದೆಯ ಮೇಲಿನ ನಳಿಕೆಗೆ ನೀರು ತಾಗದಂತೆ ಬಟ್ಟೆ ಹಿಡಿದು ಮೈ ಒರೆಸುವವರು ಅದೇ ಅಜ್ಜಿ. ನಾವು ನೋಡಲು ಹೋದಾಗ ಅವರು ಹೇಳಿದ್ದು ಇಷ್ಟೇ: "ಆ ಮೂರು ವಾರ ನನ್ನ ಲೆಕ್ಕಕ್ಕ ಅದಾವ್ರಿ. ಮಂದಿಗೆ ಹೇಳ್ರಿ, ತಡಾ ಮಾಡಬ್ಯಾಡ್ರಿ ಅಂತ." ಅವರ ಆ ಮಾತನ್ನು ಓದುಗ ಬಂಧುಗಳಿಗೆ ತಲುಪಿಸಿದ್ದೇವೆ.